ತಾಲ್ಲೂಕು ಕಚೇರಿಗೆ ಸೈಬರ್ ಕಾವಲು ಪಡೆ: ಕಟ್ಟುವುದು ಹೇಗೆ?

ಒಂದು ದಿನದ ಕಾರ್ಯಾಗಾರ ಮುಗಿಸಿ ಪ್ರಮಾಣಪತ್ರ ಹಂಚಿದರೆ ಸೈಬರ್ ಪಡೆ ಸಿದ್ಧವಾಗುವುದಿಲ್ಲ. ಕಲಿತವರಿಗೆ ವರ್ಗಾವಣೆಯಾದ ಮರುದಿನವೇ ಕಚೇರಿ ಮತ್ತೆ ಬರಿಗೈ. ಕೊಪ್ಪಳ ಜಿಲ್ಲೆಯನ್ನೇ ಲೆಕ್ಕಕ್ಕಿಟ್ಟುಕೊಂಡು ನೋಡೋಣ.

ಆಯ್ಕೆ: ಏಳು ತಾಲ್ಲೂಕಿಗೆ ತಲಾ ಇಬ್ಬರು, ಜಿಲ್ಲಾಡಳಿತ ಭವನಕ್ಕೆ ನಾಲ್ವರು, ಒಟ್ಟು 18 ಮಂದಿ. ಎಂಜಿನಿಯರಿಂಗ್ ಪದವಿಯೇ ಬೇಕೆಂದಿಲ್ಲ. ಭೂಮಿ (ಪಹಣಿ), ಖಜಾನೆ-2 (ಬಿಲ್, ಪಾವತಿ), ಇ-ಆಫೀಸ್ (ಕಡತ) ತಂತ್ರಾಂಶಗಳಲ್ಲಿ ದಿನವಿಡೀ ಕೆಲಸ ಮಾಡುವ ಪ್ರಥಮ, ದ್ವಿತೀಯ ದರ್ಜೆ ಸಹಾಯಕರಿಗೆ (ಎಫ್‌ಡಿಎ, ಎಸ್‌ಡಿಎ) ಪರದೆಯ ಮೇಲೆ ಸಣ್ಣ ವ್ಯತ್ಯಾಸವಾದರೂ ತಟ್ಟನೆ ಗೊತ್ತಾಗುತ್ತದೆ, ಅಂಥವರನ್ನೇ ಆರಿಸಿ. ಹೊರಗುತ್ತಿಗೆ ಆಪರೇಟರ್‌ಗಳಿಗೂ ತರಬೇತಿ ಕೊಡಿ, ಆದರೆ ಪಡೆ ಅವರೊಬ್ಬರ ಮೇಲೇ ನಿಲ್ಲಬಾರದು. ಟೆಂಡರ್ ಬದಲಾದರೆ ಕಲಿಕೆಯೂ ಅವರೊಂದಿಗೇ ಹೋಗುತ್ತದೆ. ನೇಮಕ ಬಾಯಿಮಾತಿನಲ್ಲಿ ಬೇಡ, ಕಚೇರಿ ಆದೇಶವೇ ಆಗಲಿ.

ಪಾಠ: ಸರ್ಕಾರಿ ನೌಕರರ ಆನ್‌ಲೈನ್ ತರಬೇತಿ ತಾಣವಾದ ಐಗಾಟ್ ಕರ್ಮಯೋಗಿ ಪೋರ್ಟಲ್‌ನ ಉಚಿತ ಕೋರ್ಸ್‌ಗಳು ಆರಂಭಕ್ಕೆ ಸಾಕು.

ಮೇಜಿನ ತಪಾಸಣೆ: ಅಧಿಕಾರಿಯ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಸಾಧನ (ಡಿಎಸ್‌ಸಿ ಡಾಂಗಲ್) ಸಿಪಿಯುಗೆ ಚುಚ್ಚಿಯೇ ಇರುತ್ತದೆ, ಪಿನ್ ಬರೆದ ಚೀಟಿ ಕೀಬೋರ್ಡ್ ಅಡಿಯಲ್ಲಿರುತ್ತದೆ. ಸಾಹೇಬರು ಕ್ಷೇತ್ರಕ್ಕೆ ಹೋದಾಗ ಸಹಿ ನಿಲ್ಲಬಾರದೆಂಬ ಕಾರಣಕ್ಕೆ ಇದು ರೂಢಿಯಾಗಿದೆ. ಮೊದಲು ಇದನ್ನು ನಿಲ್ಲಿಸಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಕಂಡರೆ ಅಂದೇ ತೆಗೆಸಿ. ಹಾನಿ ಮಾಡುವ ತಂತ್ರಾಂಶ (ಮಾಲ್‌ವೇರ್) ಅದರ ಜೊತೆಗೇ ಒಳಬರುತ್ತದೆ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಳೆಯ ಯಂತ್ರಗಳ ಪಟ್ಟಿಯನ್ನೂ ಇದೇ ಸುತ್ತಿನಲ್ಲಿ ಮಾಡಿಕೊಳ್ಳಿ.

ಅಣಕು ದಾಳಿ: ಹೆಚ್ಚಿನವರು ಎಡವುವುದು ಇಲ್ಲಿಯೇ. ತಹಶೀಲ್ದಾರರಿಗೆ ಮಾತ್ರ ತಿಳಿಸಿ, ಜನ ತುಂಬಿರುವ ಬೆಳಿಗ್ಗೆ 11ರ ಹೊತ್ತಿಗೆ ಒಂದು ಮಾನಿಟರ್ ಮೇಲೆ ಕೆಂಪು ಹಾಳೆ ಅಂಟಿಸಿ: ‘ಕಡತಗಳಿಗೆ ಬೀಗ ಬಿದ್ದಿದೆ, ಹಣ ಕೊಡಿ’. ಕೈಯಲ್ಲಿ ಗಡಿಯಾರ ಹಿಡಿದು ನಿಲ್ಲಿ.

ಎರಡು ನಿಮಿಷದೊಳಗೆ ಲ್ಯಾನ್ ಕೇಬಲ್ ಕೀಳಬೇಕು, ವೈಫೈ ಆಫ್ ಆಗಬೇಕು. ಕಂಪ್ಯೂಟರ್ ಮಾತ್ರ ಆಫ್ ಮಾಡಬಾರದು. ಮಾಡಿದರೆ ರ‍್ಯಾಮ್‌ನಲ್ಲಿರುವ ಸಾಕ್ಷ್ಯ ಅಳಿಸಿಹೋಗುತ್ತದೆ. ಕಡತ ಉಳಿಸಿಕೊಳ್ಳುವ ಆತುರದಲ್ಲಿ ಪೆನ್‌ಡ್ರೈವ್ ಅಥವಾ ಬ್ಯಾಕಪ್ ಡಿಸ್ಕ್ ಚುಚ್ಚುವವರೇ ಬಹಳ. ಚುಚ್ಚಿದರೆ ಅದಕ್ಕೂ ಬೀಗ ಬೀಳುತ್ತದೆ. ಪರದೆಯ ಫೋಟೊ ತೆಗೆದು, ಸಮಯವನ್ನು ಪುಸ್ತಕದಲ್ಲಿ ಬರೆದು, ಸರ್ಕಾರಿ ಜಾಲ ನೋಡಿಕೊಳ್ಳುವ ಎನ್‌ಐಸಿಯ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಜಿಲ್ಲಾ ಅಧಿಕಾರಿಗೆ ಫೋನ್ ಮಾಡಬೇಕು. ನಂಬರ್‌ಗಳ ಪಟ್ಟಿ ಗೋಡೆಯ ಮೇಲಿರಲಿ. ಬೀಗ ಬಿದ್ದ ಕಂಪ್ಯೂಟರ್‌ನೊಳಗಿದ್ದರೆ ಯಾರ ಕೈಗೂ ಸಿಗದು.

ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಅದಕ್ಕೆ ವರದಿ ಸಲ್ಲಿಸಬೇಕು. 180 ದಿನಗಳ ಲಾಗ್ (ಯಂತ್ರದಲ್ಲಿ ಏನೇನು ನಡೆಯಿತೆಂಬ ದಾಖಲೆ) ಕಾಪಿಡಬೇಕು. ಹೀಗಾಗಿ ತಪ್ಪು ಲಿಂಕ್ ಒತ್ತಿ ತಾನಾಗಿಯೇ ಬಂದು ಹೇಳಿದ ಸಿಬ್ಬಂದಿಗೆ ದಯವಿಟ್ಟು ಕಾರಣ ಕೇಳಿ ನೋಟಿಸ್ ಕೊಡಬೇಡಿ. ಒಬ್ಬರಿಗೆ ಕೊಟ್ಟರೆ ಮುಂದಿನವರು ಎರಡು ದಿನ ಮುಚ್ಚಿಡುತ್ತಾರೆ, ಆರು ಗಂಟೆಯ ಮಾತೇ ಉಳಿಯುವುದಿಲ್ಲ. 1930 ಸಹಾಯವಾಣಿ ಹಣ ವಂಚನೆಗೆ. ಅಲ್ಲಿಗೆ ಕರೆ ಮಾಡಿದೆವೆಂದು ಕೈಕಟ್ಟಿ ಕೂರಬೇಡಿ.

ಮೂರು ತಿಂಗಳಿಗೊಮ್ಮೆ ಇದನ್ನೇ ಮಾಡಿ. ಅದೇ ದಿನ ಬ್ಯಾಕಪ್‌ನಿಂದ ಒಂದು ಕಡತ ತೆರೆದು ನೋಡಿ.

ವರ್ಗಾವಣೆ: ಹೋಗುವವರು ಬರುವವರ ಪಕ್ಕ ಕೂತು ಒಂದು ಅಣಕು ದಾಳಿಯನ್ನಾದರೂ ನಡೆಸಿಕೊಡಲಿ. ಬಿಡುಗಡೆ ಆದೇಶಕ್ಕೆ ಸಹಿ ಬೀಳುವ ಮುನ್ನ ಅವರ ಯೂಸರ್ ಐಡಿ ಬಂದ್ ಆಗಿರಲಿ.