ಕಾಟೇಜ್ ಲುಕ್ ಬೇಕು ಸರಿ, ಆದ್ರೆ ಯಾವ ಕಾಟೇಜ್?

ಮನೆಗೆ ಕಾಟೇಜ್ ಲುಕ್, ಅಂದ್ರೆ ಹಳ್ಳಿ ಕಡೆಯ ಪುಟ್ಟ ಮನೆಯ ಥರದ ಲುಕ್ ಕೊಡ್ಬೇಕು ಅಂತ ಆಸೆ ಪಡೋರು ಬಹಳ ಜನ, ಯಾವ ಥರದ್ದು ಅಂತ ಕೇಳಿದ್ರೆ ಮೊಬೈಲಲ್ಲಿ ಸೇವ್ ಮಾಡಿಟ್ಟಿರೋ ಫೋಟೋ ತೋರಿಸ್ತಾರೆ, ಒಂದ್ರಲ್ಲಿ ಹೂವಿನ ವಾಲ್‌ಪೇಪರ್ ತುಂಬಿರೋ ಮಬ್ಬು ಕೋಣೆ, ಇನ್ನೊಂದ್ರಲ್ಲಿ ಸಮುದ್ರದ ದಡದ ಬೆಳ್ಳಗಿನ ಮನೆ, ಮತ್ತೊಂದ್ರಲ್ಲಿ ಹಳದಿ ಗೋಡೆಯ ಡೈನಿಂಗ್ ರೂಮು. ಮೂರೂ ಚೆನ್ನಾಗಿವೆ, ಆದ್ರೆ ಮೂರನ್ನೂ ತಂದು ಒಂದೇ ಹಾಲಲ್ಲಿ ಕೂರಿಸಿದ್ರೆ ಗುಜರಿ ಅಂಗಡಿ ಆಗುತ್ತೆ ಅಷ್ಟೇ. ಹಾಗಾಗಿ ಪೇಂಟ್ ಡಬ್ಬಿ ತರೋಕೆ ಮುಂಚೆ ಯಾವ್ದು ಅಂತ ಆರಿಸ್ಕೊಳ್ಳಿ. ಅದನ್ನ ಫೋಟೋ ನೋಡಿ ಆರಿಸೋದಲ್ಲ. ಮನೆ ಒಳಗೆ ಬೀಳೋ ಬೆಳಕು ಎಷ್ಟು, ಧೂಳು ಒರೆಸೋಕೆ ನಿಮಗಿರೋ ತಾಳ್ಮೆ ಎಷ್ಟು, ಇವೆರಡನ್ನ ನೋಡಿ ಆರಿಸೋದು.

ಮೊದಲು ಬೆಳಕು

ಯಾವ ಕೋಣೆ ಮಾಡ್ಬೇಕು ಅಂತಿದ್ದೀರೋ ಅಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸ್ವಲ್ಪ ಸ್ವಲ್ಪ ಹೊತ್ತು ಕೂತ್ಕೊಂಡು ನೋಡಿ. ಬಿಸಿಲು ನೇರವಾಗಿ ಬರುತ್ತಾ, ಯಾವ ಗೋಡೆಗೆ ಬೀಳುತ್ತೆ, ಯಾವ ಮೂಲೆಗೆ ಹಗಲಲ್ಲೂ ಲೈಟ್ ಹಾಕ್ಬೇಕು. ಜೊತೆಗೆ ಬದಲಾಯಿಸೋಕೆ ಆಗದೇ ಇರೋದನ್ನ ಬರ್ಕೊಳ್ಳಿ: ಸೀಲಿಂಗ್ ಎತ್ತರ, ನೆಲದ ಬಣ್ಣ, ಕಿಟಕಿ ಅಳತೆ, ಹಾಗೇ ಬಿಸಾಕೋಕೆ ಮನಸ್ಸು ಬರದೇ ಇರೋ ಆ ದೊಡ್ಡ ಸೋಫಾ.

ತುಂಬಾ ಜನ ಅಂದ್ಕೊಳ್ಳೋದು ಕತ್ತಲೆ ಕೋಣೆಗೆ ಬಿಳಿ ಹೊಡೆದ್ರೆ ಬೆಳಕಾಗುತ್ತೆ ಅಂತ. ಆಗಲ್ಲ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕನ್ನ ವಾಪಸ್ ಕೊಡುತ್ತೆ, ಬೀಳೋಕೇ ಬೆಳಕಿಲ್ಲ ಅಂದ್ರೆ ಏನು ಕೊಡೋದು, ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿ ಕಾಣುತ್ತೆ. ಅಂಥ ಕೋಣೆಗೆ ಪಾಚಿ ಹಸಿರು, ಇಟ್ಟಿಗೆ ಕೆಂಪು, ಬೆಣ್ಣೆ ಹಳದಿ ಥರದ ಬೆಚ್ಚಗಿನ ಬಣ್ಣಾನೇ ಸರಿ. ಬಿಳಿ, ತಿಳಿ ನೀಲಿ ಎಲ್ಲ ಬಿಸಿಲು ಧಾರಾಳವಾಗಿ ಬರೋ ಕೋಣೆಗೆ ಬಿಡಿ.

ಆಮೇಲೆ ಮನೆತನ

ಕಾಟೇಜ್ ಅನ್ನೋದು ಒಂದೇ ಸ್ಟೈಲ್ ಅಲ್ಲ, ದೊಡ್ಡ ಕುಟುಂಬ. ಇಂಗ್ಲಿಷ್ ಕಾಟೇಜ್ ನೋಡಿ, ತಗ್ಗು ಸೂರು, ದಪ್ಪ ಗೋಡೆ, ಚಿಕ್ಕ ಕಿಟಕಿ, ತಲೆ ಮೇಲೆ ಕಾಣೋ ಮರದ ತೊಲೆ. ಬೆಳಕು ಕಮ್ಮಿ, ಚಳಿ ಜಾಸ್ತಿ, ಅದಕ್ಕೇ ಅಲ್ಲಿ ಹೂವಿನ ಬಟ್ಟೆ, ಉಣ್ಣೆ ಹೊದಿಕೆ, ಪುಸ್ತಕ, ಗೋಡೆ ತುಂಬ ಪಿಂಗಾಣಿ ತಟ್ಟೆ. ಆ ಹೂವಿನ ಚಿಂಟ್ಜ್ ಬಟ್ಟೆಗೆ ದೊಡ್ಡ ಕಥೆ ಇದೆ, ಅದು ಯೂರೋಪಿಗೆ ಹೋಗಿದ್ದೇ ಭಾರತದಿಂದ ಹಡಗಲ್ಲಿ, ಅಲ್ಲಿನ ಜನ ಹೇಗೆ ಮುಗಿಬಿದ್ರು ಅಂದ್ರೆ ತಮ್ಮ ನೇಕಾರರಿಗೆ ಹೊಡೆತ ಬೀಳುತ್ತೆ ಅಂತ ಫ್ರಾನ್ಸ್ 1686ರಲ್ಲಿ ಅದನ್ನ ಬ್ಯಾನೇ ಮಾಡಿಬಿಡ್ತು. ಬ್ಯಾನ್ ಎತ್ತಿದ್ದು 1759ರಲ್ಲಿ. ಮರುವರ್ಷವೇ ಓಬರ್‌ಕಾಂಫ್ ಅನ್ನೋರು ಪ್ಯಾರಿಸ್ ಹತ್ತಿರದ ಜೂಯಿ ಅನ್ನೋ ಊರಲ್ಲಿ ಪ್ರಿಂಟಿಂಗ್ ಕಾರ್ಖಾನೆ ಶುರು ಮಾಡಿದ್ರು, ಕೆನೆ ಬಣ್ಣದ ಬಟ್ಟೆ ಮೇಲೆ ಒಂದೇ ಬಣ್ಣದಲ್ಲಿ ಮರ, ಕುರಿ, ಹಳ್ಳಿ ಜನ ಇರೋ ಟ್ವಾಲ್ ಬಟ್ಟೆ ಹೆಸರಾಗಿದ್ದು ಅಲ್ಲಿಂದ್ಲೇ.

ಆ ಟ್ವಾಲ್ ಈಗ್ಲೂ ಫ್ರೆಂಚ್ ಕಂಟ್ರಿ ಸ್ಟೈಲಿನ ಗುರುತು. ಇದ್ರಲ್ಲಿ ಮಣ್ಣಿನ ಹೆಂಚಿನ ನೆಲ, ಉದ್ದನೆ ಮರದ ಟೇಬಲ್, ಗಟ್ಟಿ ಬಣ್ಣ ಇರುತ್ತೆ. ಚಿತ್ರಕಾರ ಮೊನೆ 1883ರಿಂದ ಫ್ರಾನ್ಸಿನ ಜಿವೆರ್ನಿ ಹಳ್ಳೀಲಿ ಇದ್ರಲ್ಲ, ಆ ಮನೇಲಿ ಡೈನಿಂಗ್ ರೂಮಿಗೆ ಗೋಡೆ ಮಾತ್ರ ಅಲ್ಲ ಕಪಾಟಿಗೂ ಹಳದಿ, ಪಕ್ಕದ ಅಡುಗೆಮನೇಲಿ ನೀಲಿ-ಬಿಳಿ ಟೈಲ್ಸ್, ಒಂದು ಬಾಗಿಲಿಂದ ನಿಂತು ನೋಡಿದ್ರೆ ಹಳದಿ ಆಚೆ ನೀಲಿ ಕಾಣುತ್ತೆ. ಧೈರ್ಯ ಇರೋರಿಗೆ ಇದು.

ಸ್ವೀಡಿಷ್ ಬೇರೆ ದಾರಿ. ಚಳಿಗಾಲದಲ್ಲಿ ಅಲ್ಲಿ ಹಗಲು ಬಹಳ ಚಿಕ್ಕದು, ಕಿಟಕಿಯಿಂದ ಬರೋ ಬೆಳಕು ಚೂರೂ ವ್ಯರ್ಥ ಆಗ್ಬಾರ್ದು ಅಂತ ತಿಳಿ ಬೂದು, ಹಾಲಿನ ಬಿಳಿ, ಬರಿ ಮರದ ನೆಲ, ಪಟ್ಟೆ ಪಟ್ಟೆ ಬಟ್ಟೆ, ಸಾಮಾನು ಕಮ್ಮಿ. 18ನೇ ಶತಮಾನದ ರಾಜ ಮೂರನೇ ಗುಸ್ತಾವ್ ಕಾಲದ ಪೀಠೋಪಕರಣದ ನೆರಳು ಇದ್ರಲ್ಲಿದೆ. ಆದ್ರೆ ಸ್ವೀಡನ್ ಅಂದ್ರೆ ಬರೀ ಬೂದು ಅಂತಲ್ಲ, ಸುಂಡ್‌ಬಾರ್ನ್ ಹಳ್ಳೀಲಿ ಕಾರ್ಲ್ ಮತ್ತು ಕಾರಿನ್ ಲಾರ್ಸನ್ ಅನ್ನೋ ಕಲಾವಿದ ದಂಪತಿ ತಮ್ಮ ಮನೆ ಒಳಗೆ ಕೆಂಪು, ಹಸಿರು ಎಲ್ಲ ಬಳಿದಿದ್ರು, ಬಟ್ಟೆ ಎಷ್ಟೋ ಕಾರಿನ್ ಅವರೇ ನೇಯ್ದಿದ್ದು. ನನ್ನ ಕೇಳಿದ್ರೆ ಈ ಇಡೀ ಕುಟುಂಬದಲ್ಲಿ ಆ ಮನೇನೇ ಬೆಸ್ಟ್.

ಸವೆದ, ಬಣ್ಣ ಮಾಸಿದ ಸಾಮಾನನ್ನೇ ಚೆಂದವಾಗಿ ಜೋಡಿಸೋ ಸ್ಟೈಲಿಗೆ ಶ್ಯಾಬಿ ಚಿಕ್ ಅಂತಾರೆ, ಆ ಹೆಸರು ಎಲ್ಲರ ಬಾಯಿಗೆ ಬಂದಿದ್ದು 1989ರಲ್ಲಿ ರೇಚಲ್ ಆಶ್‌ವೆಲ್ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಅಂಗಡಿ ಇಟ್ಟ ಮೇಲೆ. ಬಿಳಿ ಸೋಫಾ ಕವರ್ ಮಾತ್ರ ನೋಡಿ ಹೆದರ್ಬೇಡಿ, ಅದ್ರ ಗುಟ್ಟೇ ತೆಗೆದು ವಾಷಿಂಗ್ ಮಷೀನಿಗೆ ಹಾಕ್ಬಹುದು ಅನ್ನೋದು. ಮಕ್ಕಳಿರೋ ಮನೆಗೆ ಇದು ಎಷ್ಟೋ ವಾಸಿ. ಸಮುದ್ರದ ಕಾಟೇಜ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ, ಬಿಸಿಲು, ಲಿನನ್, ಬಣ್ಣ ಮಾಸಿದ ಮರ, ಚಿಪ್ಪು ಮತ್ತೆ ಲಂಗರು ಕಮ್ಮಿ ಇದ್ದಷ್ಟೂ ಒಳ್ಳೇದು. 2020ರಲ್ಲಿ ಎಲ್ರೂ ಮನೇಲೇ ಇದ್ದಾಗ ಇಂಟರ್ನೆಟ್ಟಲ್ಲಿ ಜೋರಾಗಿ ಓಡಿದ ಕಾಟೇಜ್‌ಕೋರ್ ಅಂತ ಇದ್ಯಲ್ಲ, ಅದು ಹೊಸ ಸ್ಟೈಲ್ ಏನಲ್ಲ, ಇಂಗ್ಲಿಷ್ ಕಾಟೇಜೇ ಫೋಟೋಗೆ ಪೋಸ್ ಕೊಟ್ಟಿದ್ದು.

ಈಗ ಧೂಳಿನ ಲೆಕ್ಕ

ತೆರೆದ ಶೆಲ್ಫು, ಗೋಡೆ ಮೇಲಿನ ತಟ್ಟೆ, ಒಣ ಹೂವು, ಬುಟ್ಟಿ, ಸುರುಳಿ ಸುರುಳಿ ಲೇಸು, ಇದೆಲ್ಲ ಧೂಳಿಗೆ ಆಹ್ವಾನ. ವಾರಕ್ಕೊಂದ್ಸಲ ಪ್ರತಿಯೊಂದನ್ನೂ ಎತ್ತಿ ಒರೆಸ್ತೀನಿ ಅನ್ನೋರು ಇಂಗ್ಲಿಷ್ ಕಡೆ ಹೋಗಿ. ನನ್ನ ಕೈಲಾಗಲ್ಲಪ್ಪ ಅನ್ನೋರು ಸ್ವೀಡಿಷ್ ಅಥವಾ ಸಮುದ್ರದ ಕಾಟೇಜ್ ಹಿಡ್ಕೊಳ್ಳಿ. ಬೆಳಕೂ ಕಮ್ಮಿ ತಾಳ್ಮೇನೂ ಕಮ್ಮಿ ಅಂದ್ರೆ ಇಂಗ್ಲಿಷಿನ ಬಣ್ಣ ತಗೊಳ್ಳಿ, ಸಾಮಾನು ಬಿಟ್ಬಿಡಿ, ತಟ್ಟೆಗಳನ್ನ ಗಾಜಿನ ಬಾಗಿಲಿರೋ ಕಪಾಟಲ್ಲಿಡಿ. ಒಂದು ಮನೆತನ ಮುಖ್ಯವಾಗಿ ಇಟ್ಕೊಂಡು ಇನ್ನೊಂದ್ರಿಂದ ಚೂರು ಸಾಲ ತಗೊಂಡ್ರೆ ಯಾರೂ ಬೈಯಲ್ಲ.

ಒಂದು ಬಟ್ಟೆ ಹುಡುಕಿ

ಎಲ್ರೂ ಗೋಡೆ ಬಣ್ಣದಿಂದ ಶುರು ಮಾಡ್ತಾರೆ, ಅದೇ ಕಷ್ಟ, ಯಾಕಂದ್ರೆ ಪೇಂಟಲ್ಲಿ ಸಾವಿರ ಶೇಡ್ ಸಿಗುತ್ತೆ, ಇಷ್ಟ ಆಗೋ ಬಟ್ಟೆ ಸಿಗೋದು ಒಂದೋ ಎರಡೋ. ಮೊದಲು ಬಟ್ಟೆ, ಆಮೇಲೆ ಅದ್ರೊಳಗಿಂದ ಬಣ್ಣ ತೆಗೀರಿ. ಇಂಗ್ಲೆಂಡಿನ ಡಿಸೈನರ್ ವಿಲಿಯಂ ಮಾರಿಸ್ 1883ರಲ್ಲಿ ಮಾಡಿದ ಸ್ಟ್ರಾಬೆರಿ ಥೀಫ್ ಡಿಸೈನನ್ನೇ ಹತ್ತಿರದಿಂದ ನೋಡಿ. ಅವರ ತೋಟದ ಸ್ಟ್ರಾಬೆರಿ ಕದೀತಿದ್ದ ಥ್ರಷ್ ಹಕ್ಕಿಗಳೇ ಅದ್ರಲ್ಲಿರೋದು, ಜೋಡಿ ಜೋಡಿ, ಒಂದು ಜೋಡಿ ಕೊಕ್ಕಲ್ಲಿ ಹಣ್ಣು ಕಚ್ಕೊಂಡಿದೆ. ಹಿನ್ನೆಲೆ ಕಡು ನೀಲಿ, ಹಣ್ಣು ಕೆಂಪು, ಎಲೆ ಮಾಸಲು ಹಸಿರು, ಅಲ್ಲಲ್ಲಿ ಕೆನೆ. ಈ ಬಟ್ಟೆ ಕುರ್ಚಿಗೆ ಹಾಕಿದ್ರೆ ಗೋಡೆಗೆ ಆ ಕೆನೆ, ಬಾಗಿಲು-ಕಿಟಕಿ ಚೌಕಟ್ಟಿಗೆ ಆ ಹಸಿರು, ಕೆಂಪು ಬರೀ ಒಂದು ಕುಶನ್ನಿಗೆ, ಮುಗೀತು.

ಬೇರೆ ಡಿಸೈನ್ ಸೇರಿಸೋದಾದ್ರೆ ಅಳತೆ ಬೇರೆ ಬೇರೆ ಇರ್ಲಿ, ದೊಡ್ಡ ಹೂವಿನ ಜೊತೆ ಮಧ್ಯಮ ಪಟ್ಟೆ, ಆಮೇಲೆ ಸಣ್ಣ ಚೌಕುಳಿ. ಮೂರೂ ದೊಡ್ಡ ಹೂವೇ ಆದ್ರೆ ಒಂದಕ್ಕೊಂದು ಜಗಳ ಆಡ್ತವೆ.

ಬಣ್ಣ ಹೊಡೆಯೋದು

ಶೇಡ್ ಕಾರ್ಡ್ ನಂಬ್ಬೇಡಿ. ದೊಡ್ಡ ರಟ್ಟಿಗೆ ಎರಡು ಕೋಟ್ ಸ್ಯಾಂಪಲ್ ಹೊಡೆದು, ಅದನ್ನ ಗೋಡೆಯಿಂದ ಗೋಡೆಗೆ ಇಟ್ಟು ನೋಡಿ, ರಾತ್ರಿ ಲೈಟಲ್ಲೂ ನೋಡಿ. ಸುಣ್ಣದ ಫಿನಿಶ್ ಬೇಕು ಅನ್ನೋರಿಗೆ ಒಂದು ಮಾತು, ಪ್ಲಾಸ್ಟಿಕ್ ಇಮಲ್ಶನ್ ಹೊಡೆದಿರೋ ಗೋಡೆ ಮೇಲೆ ನೇರವಾಗಿ ಸುಣ್ಣ ಬಳಿದ್ರೆ ಹಿಡಿಯಲ್ಲ, ಪುಡಿಪುಡಿಯಾಗಿ ಉದುರುತ್ತೆ, ಹಳೇ ಪೇಂಟ್ ಕೆರೆದು ತೆಗೀಬೇಕು ಅಥವಾ ಅದಕ್ಕೆ ಅಂತಾನೇ ಬರೋ ಪ್ರೈಮರ್ ಹಾಕ್ಬೇಕು.

ಹೊಸ ಕುರ್ಚಿಗೆ ಹಳೇ ಲುಕ್ ಕೊಡೋದಾದ್ರೆ ಎಲ್ಲೆಂದ್ರಲ್ಲಿ ಸ್ಯಾಂಡ್ ಪೇಪರ್ ಉಜ್ಜಬೇಡಿ. ಸ್ವಲ್ಪ ಹೊತ್ತು ಆ ಕುರ್ಚಿ ಮೇಲೆ ಕೂತು ಏಳಿ: ಕೈ ಎಲ್ಲಿ ಊರ್ತೀರಿ, ಹಿಮ್ಮಡಿ ಎಲ್ಲಿ ತಾಗುತ್ತೆ, ಎಳೆಯುವಾಗ ಬೆನ್ನಿನ ಹಲಗೆ ಎಲ್ಲಿ ಹಿಡೀತೀರಿ. ನಿಜವಾಗಿ ಸವೆಯೋದು ಅಲ್ಲೇ, ಕೈಯಿಡೋ ತುದಿ, ಕೆಳಗಿನ ಅಡ್ಡಪಟ್ಟಿ, ಬೆನ್ನಿನ ಮೇಲಂಚು. ಅಲ್ಲಿ ಮಾತ್ರ ಮರ ಕಾಣೋವರೆಗೆ ಉಜ್ಜಿ. ಹಾಂ, ಸಾಮಾನು ನಿಜವಾಗ್ಲೂ ಹಳೇದಾಗಿದ್ರೆ ಹುಷಾರು, ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದೆ (ಅಮೆರಿಕ ಮನೆ ಪೇಂಟಲ್ಲಿ ಅದನ್ನ ಬ್ಯಾನ್ ಮಾಡಿದ್ದೇ 1978ರಲ್ಲಿ), ಒಣದಾಗಿ ಉಜ್ಜಿದ್ರೆ ಆ ಧೂಳು ಮಕ್ಕಳ ಹೊಟ್ಟೆ ಸೇರುತ್ತೆ. ಟೆಸ್ಟ್ ಮಾಡಿಸಿ, ಇಲ್ಲ ಹಾಗೇ ಬಿಡಿ.

ಕೊನೇಲಿ ಲೈಟು. ಸೀಲಿಂಗ್ ಮಧ್ಯದ ಒಂದೇ ಬೆಳ್ಳಗಿನ ಟ್ಯೂಬ್ ಲೈಟ್ ಎಲ್ಲಾ ಕೆಲಸಾನೂ ಹಾಳು ಮಾಡಿಬಿಡುತ್ತೆ. 2700 ಕೆಲ್ವಿನ್ ಅಂತ ಬರೆದಿರೋ, ಅಂದ್ರೆ ಬೆಚ್ಚಗಿನ ಹಳದಿ ಬೆಳಕಿನ ಬಲ್ಬ್ ತಗೊಂಡು ಟೇಬಲ್ ಲ್ಯಾಂಪು, ಗೋಡೆ ಲ್ಯಾಂಪು ಅಂತ ಮೂರು ಕಡೆ ಹಂಚಿ ಹಾಕಿ. ಗೋಡೆಗೆ ಚಿತ್ರ ತೂಗು ಹಾಕೋವಾಗ ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿರ್ಲಿ, ಸೀಲಿಂಗ್ ತಗ್ಗಾಗಿದ್ರೆ ಇನ್ನೂ ಸ್ವಲ್ಪ ಇಳಿಸಿ, ಸೋಫಾ ಮೇಲಿದ್ರೆ ಎದ್ದು ನಿಲ್ಲೋರ ತಲೆಗೆ ತಾಗದ ಹಾಗೆ ನೋಡ್ಕೊಳ್ಳಿ.