ಎಲುಬು ಕರಗಿಸುವ ಕೋಶ: ಜೀನ್‌ಗಳ ಚುರುಕು ಅಳೆಯುವುದು ಹೇಗೆ?

ನಮ್ಮ ಎಲುಬು ದಿನವೂ ಒಂದಷ್ಟು ಕರಗುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಕರಗಿಸುವುದು ಆಸ್ಟಿಯೋಕ್ಲಾಸ್ಟ್ ಎಂಬ ದೊಡ್ಡ ಕೋಶ. ದೇರಳಕಟ್ಟೆ, ಮಣಿಪಾಲದ ಲ್ಯಾಬ್‌ಗಳಲ್ಲಿ ಇದರ ಜೀನ್ ಅಳೆಯಲು ಹೊರಟವರು ಮೊದಲು ದಿನದ ಲೆಕ್ಕ ಹಾಕಿಕೊಳ್ಳಬೇಕು. ಕೋಶವನ್ನು ಆಸ್ಟಿಯೋಕ್ಲಾಸ್ಟ್ ಆಗಿಸುವ ರ‍್ಯಾಂಕ್‌ಎಲ್ ಎಂಬ ಪ್ರೋಟೀನ್ ಕೊಟ್ಟ ಮೊದಲ ದಿನವೇ ಸಿ-ಫಾಸ್ ಜೀನ್ ಏಳುತ್ತದೆ, ಎನ್‌ಫ್ಯಾಟ್‌ಸಿ1 ಅದರ ಬೆನ್ನಿಗೆ. ಎಲುಬಿನ ಕೊಲ್ಯಾಜನ್ ಕತ್ತರಿಸುವ ಕ್ಯಾಥೆಪ್ಸಿನ್-ಕೆ ಏರುವುದು ಆಮೇಲೆ. ಹಾಗಾಗಿ 1, 2, 4ನೇ ದಿನಕ್ಕೆ ಬೇರೆ ಬೇರೆ ವೆಲ್ (ಪ್ಲೇಟಿನ ಗುಳಿ) ಇಡಿ.

ಆರು ವೆಲ್‌ಗಳ ಪ್ಲೇಟ್‌ನಲ್ಲಿ ವೆಲ್‌ಗೆ ಸುಮಾರು 1 ಲಕ್ಷ ರಾ 264.7 ಕೋಶ (ಲ್ಯಾಬ್‌ನಲ್ಲಿ ಬೆಳೆಸುವ ಇಲಿಯ ಮ್ಯಾಕ್ರೋಫೇಜ್ ಕೋಶ), 2 ಮಿ.ಲೀ. ಮೀಡಿಯಂ (ಕೋಶ ಬೆಳೆಯುವ ಪೋಷಕ ದ್ರವ) ಹಾಕಿ. ಮರುದಿನ ಮಿ.ಲೀ.ಗೆ 50 ನ್ಯಾನೊಗ್ರಾಂನಂತೆ ರ‍್ಯಾಂಕ್‌ಎಲ್ ಕೊಡಿ. ಹೋಲಿಕೆಗೆ ಇಟ್ಟ ಕಂಟ್ರೋಲ್ ವೆಲ್‌ಗೆ ಬೇಡ. ಎರಡು ದಿನಕ್ಕೊಮ್ಮೆ ಮೀಡಿಯಂ, ರ‍್ಯಾಂಕ್‌ಎಲ್ ಎರಡನ್ನೂ ಬದಲಿಸಿ. ಆಟಿಯ ಮಳೆಯಲ್ಲಿ ಫ್ರೀಜರ್‌ನಿಂದ ತೆಗೆದ ರ‍್ಯಾಂಕ್‌ಎಲ್ ಪುಡಿಯ ವಯಲ್‌ನ ಮುಚ್ಚಳ ಕೂಡಲೇ ಬಿಚ್ಚಬೇಡಿ. ನಮ್ಮ ಕರಾವಳಿಯ ಗಾಳಿಯ ತೇವ ತಣ್ಣಗಿನ ಗಾಜಿಗೆ ಇಬ್ಬನಿಯಂತೆ ಕಟ್ಟಿ ಒಳಗಿಳಿಯುತ್ತದೆ.

4–5ನೇ ದಿನ ಮೈಕ್ರೋಸ್ಕೋಪ್‌ನಲ್ಲಿ ಚಪ್ಪಟೆಯಾಗಿ ಹರಡಿದ ಕೋಶಗಳು ಕಾಣಬೇಕು. ಜೊತೆಗಿಟ್ಟ ವೆಲ್ ಒಂದಕ್ಕೆ ಟ್ರ್ಯಾಪ್ (ಆಸ್ಟಿಯೋಕ್ಲಾಸ್ಟ್‌ನ ಗುರುತಾದ ಕಿಣ್ವ) ತೋರಿಸುವ ಬಣ್ಣ ಹಾಕಿ, ಮೂರು ಅಥವಾ ಹೆಚ್ಚು ಕೋಶಕೇಂದ್ರವಿರುವ ನೇರಳೆ-ಕೆಂಪು ಕೋಶಗಳನ್ನು ಎಣಿಸಿ. ಕಾಣದಿದ್ದರೆ ಕೋಶ ಕಿಕ್ಕಿರಿದಿರಬಹುದು, ಇಲ್ಲವೇ ತುಂಬಾ ಸಲ ಪ್ಯಾಸೇಜ್ (ಹೊಸ ಪಾತ್ರೆಗೆ ಹಂಚುವುದು) ಮಾಡಿರಬಹುದು. ಆ ಪ್ಲೇಟನ್ನು ಬಿಟ್ಟು ಹೊಸದಾಗಿ ಶುರುಮಾಡುವುದೇ ಲೇಸು. ತಡ ಮಾಡಿದರೆ ದೊಡ್ಡ ಕೋಶಗಳು ಸತ್ತು ಕಳಚುತ್ತವೆ.

ಈ ಕೋಶ ಪ್ಲೇಟಿಗೆ ಗಟ್ಟಿಯಾಗಿ ಅಂಟಿರುತ್ತದೆ. ಟ್ರಿಪ್ಸಿನ್ ಹಾಕಿ ಎಬ್ಬಿಸಲು ಹೋದರೆ ಚಿಕ್ಕ ಕೋಶಗಳಷ್ಟೇ ಕೈಗೆ ಬರುತ್ತವೆ. ವೆಲ್‌ಗೇ ನೇರವಾಗಿ ಕೋಶ ಒಡೆದು ಆರ್‌ಎನ್‌ಎ ಬಿಡಿಸುವ ಟ್ರೈಜಾಲ್ ದ್ರವ 1 ಮಿ.ಲೀ. ಸುರಿಯಿರಿ. 0.2 ಮಿ.ಲೀ. ಕ್ಲೋರೋಫಾರ್ಮ್ ಸೇರಿಸಿ, 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 15 ನಿಮಿಷ ತಿರುಗಿಸಿ. ಮೇಲಿನ ತಿಳಿಯನ್ನು ಮಾತ್ರ ಎಳೆದುಕೊಳ್ಳಿ. ನಡುವಿನ ಬಿಳಿ ಪದರಕ್ಕೆ ಟಿಪ್ ತಾಗಿತೋ, ಡಿಎನ್‌ಎ ಬೆರೆಯಿತು. ತಿಳಿಗೆ ಅರ್ಧ ಮಿ.ಲೀ. ಐಸೊಪ್ರೊಪನಾಲ್ ಹಾಕಿ ಆರ್‌ಎನ್‌ಎ ಇಳಿಸಿ, ಶೇ 75ರ ಎಥನಾಲ್‌ನಲ್ಲಿ ತೊಳೆಯಿರಿ. ಶುದ್ಧತೆ ತೋರಿಸುವ 260/280 ಅನುಪಾತ (260 ಮತ್ತು 280 ನ್ಯಾನೊಮೀಟರ್ ಬೆಳಕನ್ನು ಹೀರುವ ಪ್ರಮಾಣ) 2ರ ಹತ್ತಿರ ಬಂದರೆ ಸಾಕು. ಎಲ್ಲ ಸ್ಯಾಂಪಲ್‌ನಿಂದಲೂ 1 ಮೈಕ್ರೊಗ್ರಾಂನಂತೆ ಸಮನಾಗಿ ತೆಗೆದು ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡಿ. ಅದನ್ನು ಪ್ರತಿ ಸೈಕಲ್‌ಗೂ ಪ್ರತಿಗಳನ್ನು ಇಮ್ಮಡಿಸುವ ಕ್ಯೂಪಿಸಿಆರ್ ಯಂತ್ರದಲ್ಲಿ ಓಡಿಸಿ; ಜೀನ್ ಚುರುಕಾಗಿದ್ದಷ್ಟೂ ಬೇಗನೆ ಕಾಣಿಸುತ್ತದೆ.

ಇನ್ನು ಲೆಕ್ಕ. ಕಂಟ್ರೋಲ್‌ನಲ್ಲಿ ಕ್ಯಾಥೆಪ್ಸಿನ್-ಕೆ 28ನೇ ಸೈಕಲ್‌ಗೆ, ಹೋಲಿಕೆಗೆ ಬಳಸುವ ಸ್ಥಿರ ಜೀನ್ ಗ್ಯಾಪ್‌ಡಿಎಚ್ 18ಕ್ಕೆ ಕಾಣಿಸಿತೆನ್ನಿ: ಅಂತರ 10. ರ‍್ಯಾಂಕ್‌ಎಲ್ ಕೊಟ್ಟದ್ದರಲ್ಲಿ 20 ಮತ್ತು 18: ಅಂತರ 2. ಎಂಟು ಸೈಕಲ್‌ನ ವ್ಯತ್ಯಾಸ ಎಂದರೆ ಎರಡನ್ನು ಎಂಟು ಸಲ ಗುಣಿಸಿದಂತೆ, 256 ಪಟ್ಟು. ಗ್ಯಾಪ್‌ಡಿಎಚ್ ತಾನೇ ಏರಿಳಿದರೆ ಈ ಲೆಕ್ಕವೂ ವಾಲುತ್ತದೆ, ಅಂಥದ್ದೇ ಇನ್ನೊಂದು ಜೀನ್ ಎಚ್‌ಪಿಆರ್‌ಟಿಯನ್ನೂ ಜೊತೆಗೆ ಓಡಿಸಿ. ಮೆಲ್ಟ್ ಕರ್ವ್‌ನಲ್ಲಿ (ಬಿಸಿ ಮಾಡಿ ಡಿಎನ್‌ಎ ಬಿಚ್ಚುವುದನ್ನು ನೋಡುವ ಗೆರೆ) ಎರಡು ಶಿಖರ ಕಂಡರೆ ಬೇಡದ ಪ್ರತಿಯೂ ಬೆಳೆದಿರಬಹುದು; ಮೊದಲು ಪ್ರೈಮರ್ (ಜೀನ್ ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು) ಸರಿಪಡಿಸಿ, ಆಮೇಲೆ ಪಟ್ಟು ಲೆಕ್ಕ ಹಾಕಿ.