ಪಿನ್ ಕೋಡ್ ಬಿಡಿಸಿ ನೋಡೋದು ಹೇಗೆ?

ದೊಡ್ಡ ಸಂಖ್ಯೆಯ ಗುಣ ತಿಳಿಯೋಕೆ ಮೊದಲು ಅದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಬಿಡಿಸಿ. ಮಿಕ್ಕಿದ್ದೆಲ್ಲ ಅದರಿಂದಲೇ ಬರುತ್ತದೆ. ಪುಣೆಯಲ್ಲಿರುವ ನಮಗೆ ಸಂಖ್ಯೆ ಹುಡುಕುವ ಕಷ್ಟ ಇಲ್ಲ, ಸದಾಶಿವ ಪೇಠದ ಪಿನ್ ಕೋಡ್ 411030 ತಗೊಳ್ಳಿ. ಕ್ಯಾಲ್ಕುಲೇಟರ್ ಬೇಡ, ಪೆನ್ನು ಹಾಳೆ ಸಾಕು.

ಕೊನೆಗೆ ಸೊನ್ನೆ ಇದೆ, ಅಂದರೆ 2 ಮತ್ತು 5 ಎರಡೂ ಇವೆ. ತೆಗೆದರೆ 41103. ಇದರ ಅಂಕಿಗಳನ್ನು ಕೂಡಿ: 9. ಹಾಗಾಗಿ 9ರಿಂದಲೂ ಭಾಗವಾಗುತ್ತದೆ. ಉಳಿದದ್ದು 4567, ನೋಡೋಕೇ ಎಷ್ಟು ಚೆಂದ ಅಲ್ವಾ!

ಈಗ 4567 ಇನ್ನೂ ಒಡೆಯುತ್ತದಾ? ಜಾಸ್ತಿ ಜನ ಬೇಸತ್ತು ಬಿಡುವುದು ಇಲ್ಲೇ, ಆದರೆ ಕೆಲಸ ಅಂದುಕೊಂಡಷ್ಟಿಲ್ಲ. 67ರ ವರ್ಗ 4489, 68ರದ್ದು 4624. 4567 ಇವೆರಡರ ನಡುವೆ ಇದೆ. ಅದು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಒಂದಾದರೂ 67 ಅಥವಾ ಅದಕ್ಕಿಂತ ಚಿಕ್ಕದಿರಲೇಬೇಕು, ಹಾಗಾಗಿ 67ರವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. 2, 3, 5 ಆಗಲ್ಲ ಅಂತ ನೋಡಿದರೇ ಗೊತ್ತಾಗುತ್ತದೆ. 7ರಿಂದ ಶುರು ಮಾಡಿ, ಹದಿನಾರೇ ಭಾಗಾಕಾರ. 7ಕ್ಕೆ ಶೇಷ 3, 11ಕ್ಕೆ 2, 13ಕ್ಕೆ 4, ಹೀಗೇ ಹೋಗಿ 67ಕ್ಕೆ 11. ಎಲ್ಲೂ ಶೇಷ ಸೊನ್ನೆ ಬರಲ್ಲ. 4567 ಅವಿಭಾಜ್ಯ.

ಅಂದರೆ 411030 = 2 × 3² × 5 × 4567.

ಭಾಜಕಗಳು ಎಷ್ಟು? ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿ: 2 × 3 × 2 × 2 = 24. 3ಕ್ಕೆ ಮೂರು ಯಾಕೆ ಅಂದರೆ, ಅದನ್ನು ಬಿಡಬಹುದು, ಒಂದು ಸಲ ತಗೋಬಹುದು, ಎರಡು ಸಲ ತಗೋಬಹುದು. ಎಲ್ಲ ಭಾಜಕಗಳ ಮೊತ್ತಕ್ಕೆ (1+2)(1+3+9)(1+5)(1+4567), ಅಂದರೆ 10,68,912. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 6,57,882 ಉಳಿಯುತ್ತದೆ, ಮೂಲ ಸಂಖ್ಯೆಗಿಂತ ಜಾಸ್ತಿ. ಇಂಥದ್ದನ್ನು ಸಮೃದ್ಧ ಸಂಖ್ಯೆ ಅನ್ನುತ್ತಾರೆ.

ಅಂಕಿಗಳ ಮೊತ್ತ 9, ಅದರಿಂದಲೇ ಇಡೀ ಸಂಖ್ಯೆ ಭಾಗವಾಗುತ್ತದೆ. ಹಾಗಾಗಿ ಇದು ಹರ್ಷದ್ ಸಂಖ್ಯೆ ಕೂಡ. ಆ ಹೆಸರಿಟ್ಟವರು ದ. ರಾ. ಕಾಪ್ರೇಕರ್, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಶಾಲೆಯ ಕೆಲಸದ ಜೊತೆಜೊತೆಗೇ ಇಷ್ಟೆಲ್ಲ ಹುಡುಕಿದರಲ್ಲ, ನನಗೆ ಅವರ ಮೇಲೆ ತುಂಬಾ ಗೌರವ.

ಅವರ ಕಾಲೇಜಿನ ಪಿನ್ 411004 ಬೇರೆಯೇ ಥರ. ಕೊನೆಯ 04 ನೋಡಿ 4ರಿಂದ ಭಾಗಿಸಿ, 102751 ಉಳಿಯುತ್ತದೆ. ಅಂಕಿಗಳನ್ನು ಬಲದಿಂದ ಒಂದು ಬಿಟ್ಟು ಒಂದು ಕೂಡಿ ಕಳೆಯಿರಿ: 1−5+7−2+0−1 = 0, ಹಾಗಾಗಿ 11 ಇದೆ. ಉಳಿದ 9341 ಅವಿಭಾಜ್ಯ. ಭಾಜಕ 12 ಮಾತ್ರ. ಅಂಕಿಗಳ ಮೊತ್ತ 10, ಕೊನೆಗೆ ಸೊನ್ನೆ ಇಲ್ಲ, ಹಾಗಾಗಿ ಹರ್ಷದ್ ಅಲ್ಲ.

ಇನ್ನು ಕಾಪ್ರೇಕರ್ ಅವರ ಹೆಸರಿನಲ್ಲೇ ಪ್ರಸಿದ್ಧವಾದ 6174 ನೀವೇ ಬಿಡಿಸಿ. 2 × 3² × 7³ ಬರಬೇಕು, ಭಾಜಕಗಳು ಇಲ್ಲೂ 24.